ಎತ್ತಿದ್ದು ಹೌದೋ ಅಲ್ಲವೋ: ವೇಟ್‌ಲಿಫ್ಟಿಂಗ್ ಕೋಚ್ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರ ನಮ್ಮ ಕೈಗೆ ಸಿಕ್ಕಿದವರು ಮಂಗಳೂರಿನ ಒಬ್ಬ ವೇಟ್‌ಲಿಫ್ಟಿಂಗ್ ಕೋಚ್. ಇಪ್ಪತ್ತು ವರ್ಷದ ಮೇಲಾಯ್ತು ಮಕ್ಕಳಿಗೆ ಕಲಿಸಲು ಶುರುಮಾಡಿ. ಕೂಟಗಳಲ್ಲಿ ರೆಫರಿ ಕುರ್ಚಿಯಲ್ಲೂ ಕೂತವರು. ಈ ಸಲ ಪ್ರೊಟೀನ್ ಪುಡಿಯ ಪ್ರಶ್ನೆ ಬೇಡ, ಈ ಆಟ ಎಲ್ಲಿಂದ ಬಂತು ಎಂಬುದನ್ನು ಕೇಳಿ.

ಪ್ರಶ್ನೆ (ಸುರತ್ಕಲ್‌ನ ಪಿಯುಸಿ ವಿದ್ಯಾರ್ಥಿ): ಸರ್, ಕ್ವಿಜ್‌ಗೆ ಓದ್ತಾ ಇದ್ದೇನೆ. 1896ರ ಒಲಿಂಪಿಕ್ಸ್‌ನಲ್ಲಿ ಇಬ್ಬರೂ 111.5 ಕಿಲೋ ಎತ್ತಿದ್ದಾರೆ, ಆದರೆ ಒಬ್ಬನಿಗೆ ಮಾತ್ರ ಮೊದಲ ಸ್ಥಾನ ಅಂತ ಉಂಟು. ಅದು ಹೇಗೆ?

ಕೋಚ್: ಈ ಆಟದ ಜಗಳ ಶುರುವಾದದ್ದೇ ಅಲ್ಲಿಂದ ಮಾರಾಯ. ಅದಕ್ಕೂ ಐದು ವರ್ಷ ಮೊದಲು, 1891ರಲ್ಲಿ, ಲಂಡನ್ನಿನ ಕೆಫೆ ಮೋನಿಕೋ ಎಂಬ ಹೋಟೆಲಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಆಗಿತ್ತು, ಗೆದ್ದವರು ಇಂಗ್ಲೆಂಡಿನ ಎಡ್ವರ್ಡ್ ಲಾರೆನ್ಸ್ ಲೆವಿ. ಅದನ್ನೂ ಬರೆದಿಟ್ಟುಕೋ.

ಅಥೆನ್ಸ್‌ನಲ್ಲಿ ಇದ್ದದ್ದು ಎರಡು ಸ್ಪರ್ಧೆ: ಎರಡು ಕೈಯಲ್ಲಿ ಎತ್ತುವುದು, ಒಂದೇ ಕೈಯಲ್ಲಿ ಎತ್ತುವುದು. ದೇಹತೂಕದ ವಿಭಾಗ ಅಂತ ಏನೂ ಇಲ್ಲ, ಸಪೂರದವನೂ ದಪ್ಪದವನೂ ಒಂದೇ ಸಾಲಿನಲ್ಲಿ. ಎರಡು ಕೈಯದ್ದರಲ್ಲಿ ಡೆನ್ಮಾರ್ಕಿನ ವಿಗ್ಗೊ ಯೆನ್ಸನ್ ಮತ್ತು ಬ್ರಿಟನ್ನಿನ ಲಾನ್ಸೆಸ್ಟನ್ ಎಲಿಯಟ್ ಇಬ್ಬರೂ 111.5ಕ್ಕೆ ಬಂದು ನಿಂತರು. ತೀರ್ಪು ಹೇಳಬೇಕಾದವರು ಗ್ರೀಸಿನ ರಾಜಕುಮಾರ ಜಾರ್ಜ್. ಎಲಿಯಟ್ ಎತ್ತುವಾಗ ಕಾಲು ಸರಿಯಿತು, ಯೆನ್ಸನ್ ಎತ್ತಿದ್ದು ಚೊಕ್ಕವಾಗಿತ್ತು ಎಂದು ಯೆನ್ಸನ್‌ಗೆ ಕೊಟ್ಟರು. ಬ್ರಿಟಿಷರು ತಕರಾರು ತೆಗೆದರು, ಇಬ್ಬರಿಗೂ ಇನ್ನೊಮ್ಮೆ ಅವಕಾಶ ಸಿಕ್ಕಿತು, ಇಬ್ಬರಿಂದಲೂ ಅದಕ್ಕಿಂತ ಹೆಚ್ಚು ಆಗಲಿಲ್ಲ. ಅಷ್ಟರಲ್ಲಿ ಯೆನ್ಸನ್ ಭುಜ ನೋಯಿಸಿಕೊಂಡಿದ್ದ. ಹಾಗಾಗಿ ಒಂದು ಕೈಯದ್ದರಲ್ಲಿ ಅವನದ್ದು 57 ಕಿಲೋಗೇ ಮುಗಿಯಿತು, ಎಲಿಯಟ್ 71 ಎತ್ತಿ ಗೆದ್ದ. ಗೆದ್ದವನಿಗೆ ಸಿಕ್ಕಿದ್ದು ಬೆಳ್ಳಿ. ಆ ವರ್ಷ ಮೊದಲ ಸ್ಥಾನಕ್ಕೆ ಕೊಟ್ಟದ್ದೇ ಬೆಳ್ಳಿ ಪದಕ.

ಅದೇ ಎಲಿಯಟ್ ಅದೇ ಕೂಟದಲ್ಲಿ 100 ಮೀಟರ್ ಓಡಿದ, ಹಗ್ಗ ಹತ್ತಿದ, ಕುಸ್ತಿಯನ್ನೂ ಆಡಿದ. ಈಗ ಕ್ವಿಜ್‌ನಲ್ಲಿ ಯಾರಿಗೂ ಗೊತ್ತಿರದ ಒಂದು ಸಂಗತಿ ಕೊಡ್ತೇನೆ: ಅವನು ಹುಟ್ಟಿದ್ದು 1874ರಲ್ಲಿ, ನಮ್ಮ ಕಲಾದಗಿಯಲ್ಲಿ. ಆಗ ಅದು ಮುಂಬೈ ಪ್ರಾಂತ್ಯ, ಈಗ ಬಾಗಲಕೋಟೆ ಜಿಲ್ಲೆ.

ಪ್ರತಿಕ್ರಿಯೆ (ಬಾಗಲಕೋಟೆಯವರು, ಈಗ ಕಂಕನಾಡಿಯಲ್ಲಿ): ಏನ್ ಹೇಳ್ತೀರಿ ಸರ! ಕಲಾದಗಿ ಅಂದ್ರ ದಾಳಿಂಬಿ, ಚಿಕ್ಕು ಅಷ್ಟ ಗೊತ್ತಿತ್ತು ನಮಗ. ಹಂಗಾದ್ರ ನಮ್ಮ ಕಡೆ ಜಾತ್ರ್ಯಾಗ ಸಂಗ್ರಾಣಿ ಕಲ್ಲು ಎತ್ತೋದೂ ಇದೇ ಆಟ ಅಲ್ಲೇನ್ರಿ?

ಕೋಚ್: ಶಕ್ತಿ ಅದೇ, ಲೆಕ್ಕ ಬೇರೆ. ಸಂಗ್ರಾಣಿ ಕಲ್ಲು ಒಂದೊಂದು ಊರಿನಲ್ಲಿ ಒಂದೊಂದು ನಮೂನೆ. ನಿಮ್ಮೂರ ಪೈಲ್ವಾನ ದೊಡ್ಡವನೋ ಪಕ್ಕದೂರಿನವನೋ ಎಂದು ಕೇಳಿದರೆ ಎರಡೂ ಕಲ್ಲನ್ನು ಒಂದೇ ಕಡೆ ತರಬೇಕು. ಯುರೋಪಿನಲ್ಲೂ ಹೀಗೇ ಇತ್ತು. ಸರ್ಕಸ್ ಪೈಲ್ವಾನರು ಎತ್ತುತ್ತಿದ್ದದ್ದು ಎರಡು ತುದಿಗೂ ಗುಂಡು ಇರುವ ಸರಳು, ತೂಕ ಅವರು ಹೇಳಿದ್ದೇ ತೂಕ. ಪ್ಲೇಟು ಹಾಕಿ ತೆಗೆಯುವ ಸರಳು ಬಂದ ಮೇಲೆ ಈ ಆಟ ಊರು ದಾಟಿತು. ಜರ್ಮನಿಯ ಕಾಸ್ಪರ್ ಬೆರ್ಗ್ ಮಾಡಿದ, ತುದಿ ತಿರುಗುವ ಬಾರ್ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗೆ ಬಂತು. ಈಗ ಗಂಡಸರ ಬಾರ್ 20 ಕಿಲೋ, ಹೆಂಗಸರದ್ದು 15. ಕೆಂಪು ಪ್ಲೇಟು 25, ನೀಲಿ 20, ಹಳದಿ 15, ಹಸಿರು 10. ಟೋಕಿಯೋದಲ್ಲೂ ಅಷ್ಟೇ, ನಮ್ಮಲ್ಲೂ ಅಷ್ಟೇ.

ತುದಿ ತಿರುಗಬೇಕು ಅನ್ನುವುದು ಶೋಕಿಗಲ್ಲ. ನಮ್ಮ ಕಡಲ ಗಾಳಿಗೆ ಎರಡು ಮಳೆಗಾಲ ಎಣ್ಣೆ ಹಾಕದೆ ಬಿಟ್ಟರೆ ಬೇರಿಂಗ್ ಕಚ್ಚಿಕೊಳ್ತದೆ. ಆಮೇಲೆ ಬಾರನ್ನು ಮೇಲಕ್ಕೆ ಮಗುಚುವಾಗ ಪ್ಲೇಟಿನ ತಿರುವು ಪೂರ್ತಿ ಹುಡುಗನ ಮಣಿಕಟ್ಟಿಗೆ ಬರ್ತದೆ. ಜುಲೈಯಲ್ಲಿ ನಮ್ಮ ಹುಡುಗರ ಮೊದಲ ಕೆಲಸ ವಾರ್ಮ್ ಅಪ್ ಅಲ್ಲ, ತೆಂಗಿನ ನಾರಿನಿಂದ ತುಕ್ಕು ತಿಕ್ಕುವುದು.

ಪ್ರಶ್ನೆ (ಉಡುಪಿಯಿಂದ, ಜಿಮ್‌ಗೆ ಹೋಗುವವರು): ಒಂದು ಗೊಂದಲ. 1972ರಲ್ಲಿ ರಷ್ಯಾದ ಅಲೆಕ್ಸೆಯೆವ್ ಟೋಟಲ್ 640 ಕಿಲೋ. ಈಗಿನ ಕಾಲದ ಅತಿ ಹೆಚ್ಚು ಟೋಟಲ್ ಜಾರ್ಜಿಯಾದ ಲಾಶಾ ತಲಖಾಡ್ಜೆಯ 492. ಐವತ್ತು ವರ್ಷದಲ್ಲಿ ಮನುಷ್ಯ ಸಣಕಲಾದನಾ?

ಕೋಚ್: ಅಲೆಕ್ಸೆಯೆವ್‌ದೇ 1976ರ ಮಾಂಟ್ರಿಯಲ್ ಟೋಟಲ್ ನೋಡಿ: 440. ನಾಲ್ಕು ವರ್ಷದಲ್ಲಿ 200 ಕಿಲೋ ಹೋಯ್ತು! ಹೋದದ್ದು ಅವನ ಶಕ್ತಿಯಲ್ಲ, ಒಂದು ಇಡೀ ಲಿಫ್ಟ್. ಮ್ಯೂನಿಕ್‌ನ 640 ಅಂದರೆ ಮೂರು ಲಿಫ್ಟಿನ ಮೊತ್ತ: ಪ್ರೆಸ್ (ಭುಜದಿಂದ ಕೈಬಲದಲ್ಲೇ ಮೇಲೆ ಒತ್ತುವುದು) 235, ಸ್ನ್ಯಾಚ್ (ನೆಲದಿಂದ ಒಂದೇ ಏಟಿಗೆ ತಲೆಯ ಮೇಲೆ) 175, ಕ್ಲೀನ್ ಆಂಡ್ ಜರ್ಕ್, ನಮ್ಮ ಬಾಯಲ್ಲಿ ಬರೀ ಜರ್ಕ್ (ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲೆ), 230. ಆ ಒಲಿಂಪಿಕ್ಸ್ ಮುಗಿದ ಮೇಲೆ ಪ್ರೆಸ್ ತೆಗೆದುಹಾಕಿದರು. ಮಾಂಟ್ರಿಯಲ್‌ನಲ್ಲಿ ಅವನು ಸ್ನ್ಯಾಚ್ 185, ಜರ್ಕ್ 255 ಎತ್ತಿದ, ಅಂದರೆ ಎರಡರಲ್ಲೂ ಮೊದಲಿಗಿಂತ ಹೆಚ್ಚು. ತಲಖಾಡ್ಜೆಯದ್ದು 225 ಮತ್ತು 267, 2021ರಲ್ಲಿ ತಾಷ್ಕೆಂಟ್‌ನಲ್ಲಿ.

ಲಿಫ್ಟುಗಳ ಸಂಖ್ಯೆ ಯಾವಾಗಲೂ ಹೀಗೆ ಏರಿ ಇಳಿದದ್ದೇ. 1900, 1908, 1912ರ ಒಲಿಂಪಿಕ್ಸ್‌ನಲ್ಲಿ ವೇಟ್‌ಲಿಫ್ಟಿಂಗೇ ಇರಲಿಲ್ಲ. 1920ರ ಆಂಟ್‌ವರ್ಪ್‌ನಲ್ಲಿ ಐದು ದೇಹತೂಕದ ವಿಭಾಗ ಇಟ್ಟುಕೊಂಡು ವಾಪಸ್ ಬಂತು. 1924ರಲ್ಲಿ ಒಂದು ಕೈಯದ್ದೂ ಸೇರಿ ಐದು ಲಿಫ್ಟ್, 1928ರಿಂದ ಪ್ರೆಸ್, ಸ್ನ್ಯಾಚ್, ಜರ್ಕ್ ಎಂದು ಮೂರು.

ಪ್ರತಿಕ್ರಿಯೆ (ನಿವೃತ್ತ ಉಪನ್ಯಾಸಕರು, ಮಂಗಳೂರು): ಪ್ರೆಸ್ ಬಗ್ಗೆ ನಾನು ಸ್ವಲ್ಪ ಬರೆಯಬಹುದಾ? 1969ರಲ್ಲಿ ಅಂತರ ಕಾಲೇಜು ಕೂಟದಲ್ಲಿ ಎತ್ತಿದವ ನಾನು. ಆಗ ನಮ್ಮ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಬಾರನ್ನು ಭುಜದವರೆಗೆ ತಂದು ನಿಲ್ಲಬೇಕು. ರೆಫರಿ ಚಪ್ಪಾಳೆ ತಟ್ಟಿದ ಮೇಲೆ ಮೊಣಕಾಲು ಬಗ್ಗಿಸದೆ, ಕೈಯ ಬಲದಿಂದಲೇ ಮೇಲೆ ಒತ್ತಬೇಕು. ಪುಸ್ತಕದಲ್ಲಿ ಹೀಗೆ. ನಾವು ಮಾಡುತ್ತಿದ್ದದ್ದು ಬೇರೆ. ಸೊಂಟ ಮುಂದೆ ದೂಡಿ, ಎದೆ ಆಕಾಶಕ್ಕೆ ಮಾಡಿ, ಹಿಂದೆ ವಾಲಿ ಒಮ್ಮೆ ಜಾಡಿಸುವುದು. ನನ್ನ ಕೊನೆಯ ಪ್ರಯತ್ನದಲ್ಲಿ ಛಾವಣಿಯ ಹಂಚು ಎಣಿಸುವಷ್ಟು ವಾಲಿದ್ದೆ. ಇಬ್ಬರು ರೆಫರಿಗಳು ಸರಿ ಅಂದರು. ನನ್ನ ನಂತರ ಬಂದ ಹುಡುಗ ನನಗಿಂತ ನೆಟ್ಟಗೆ ನಿಂತು ಎತ್ತಿದ, ಅವನದ್ದು ತಪ್ಪು ಅಂದರು. ಆ ಕಪ್ ಇನ್ನೂ ನಮ್ಮ ಮನೆಯ ಶೋಕೇಸಿನಲ್ಲಿ ಉಂಟು. ಒರೆಸುವಾಗ ಒಂದೊಂದು ಸಲ ಆ ಹುಡುಗನ ನೆನಪಾಗ್ತದೆ.

ಕೋಚ್: ಮಾಷ್ಟ್ರೇ, ಪ್ರೆಸ್ ಹೋದದ್ದಕ್ಕೆ ಇದಕ್ಕಿಂತ ಒಳ್ಳೆ ವಿವರಣೆ ನಾನು ಕೊಡಲಾರೆ. ಬೆನ್ನಿಗೆ ಅಪಾಯ ಎಂಬ ಮಾತೂ ಇತ್ತು, ಆದರೆ ಎಷ್ಟು ವಾಲಿದರೆ ತಪ್ಪು ಎಂದು ಯಾರಿಗೂ ಗೆರೆ ಎಳೆಯಲಿಕ್ಕಾಗಲಿಲ್ಲ. ಬೆನ್ನಿಗಿಂತ ಅದೇ ದೊಡ್ಡ ತಲೆನೋವಾಗಿತ್ತು ಎಂದು ನನ್ನ ಎಣಿಕೆ. ನನ್ನ ಪ್ರಕಾರ ಈ ಆಟದ ಚರಿತ್ರೆ ಅಂದರೆ ಎಷ್ಟು ಎತ್ತಿದ ಎಂಬುದಲ್ಲ, ಎತ್ತಿದ್ದು ಹೌದೋ ಅಲ್ಲವೋ ಎಂದು ಹೇಳುವವರ ಪಾಡು.

ಈಗಲೂ ಮುಗಿದಿಲ್ಲ. ತಲೆಯ ಮೇಲೆ ಬಾರ್ ಹಿಡಿದಾಗ ಮೊಣಕೈ ಕೂದಲೆಳೆಯಷ್ಟು ಮಡಚಿ ಮತ್ತೆ ನೆಟ್ಟಗಾದರೆ ಅದು ಪ್ರೆಸ್ ಔಟ್, ಕೆಂಪು ಲೈಟು. ಒಂದು ಕೂಟದಲ್ಲಿ ಬದಿಯ ಕುರ್ಚಿಯಲ್ಲಿ ಕೂತು ನಾನು ಕೆಂಪು ಒತ್ತಿದೆ, ಉಳಿದಿಬ್ಬರು ಬಿಳಿ. ಮೂರರಲ್ಲಿ ಎರಡು ಬಿಳಿ ಸಾಕು, ಹುಡುಗಿ ಗೆದ್ದಳು. ಮಧ್ಯಾಹ್ನ ಊಟಕ್ಕೆ ನಿಂತಿದ್ದಾಗ ಅವಳೇ ಬಂದು ಕೇಳಿದಳು, "ಸರ್, ಎಡಗೈ ಅಲ್ವಾ?" ಎಡಗೈಯೇ.

ಪ್ರಶ್ನೆ (ಕುಂದಾಪುರದ ತಾಯಿ): ಗುರುರಾಜ್ ಪೂಜಾರಿ ನಮ್ಮ ಕುಂದಾಪುರದವರೇ ಅಂತ ನನ್ನ 12 ವರ್ಷದ ಮಗಳದ್ದು ಒಂದೇ ಹಠ, ಅವಳಿಗೂ ಸೇರಬೇಕಂತೆ. ಹೆಣ್ಣುಮಕ್ಕಳು ಭಾರ ಎತ್ತುವುದು ಇತ್ತೀಚಿನದ್ದಾ? ಹೈಟ್ ನಿಂತುಹೋಗ್ತದೆ ಅಂತ ಅತ್ತೆ ಹೆದರಿಸ್ತಿದ್ದಾರೆ.

ಕೋಚ್: ಅಕ್ಕ, ತೀರಾ ಇತ್ತೀಚಿನದ್ದೇ. ಗಂಡಸರ ಮೊದಲ ವಿಶ್ವ ಕೂಟ 1891, ಹೆಂಗಸರದ್ದು 1987, ಅಮೆರಿಕದ ಡೇಟೋನಾ ಬೀಚ್‌ನಲ್ಲಿ. 96 ವರ್ಷ ಕಾಯಿಸಿದರು. ಒಲಿಂಪಿಕ್ಸ್‌ಗೆ ಬಂದದ್ದು 2000ದ ಸಿಡ್ನಿಯಲ್ಲಿ, ಬಂದ ವರ್ಷವೇ ಕರ್ಣಂ ಮಲ್ಲೇಶ್ವರಿಗೆ 69 ಕಿಲೋ ವಿಭಾಗದಲ್ಲಿ ಕಂಚು. ಒಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು.

ಆ ದಿನದ ಲೆಕ್ಕ ನಾನು ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸ್ತೇನೆ. ಮಲ್ಲೇಶ್ವರಿ ಸ್ನ್ಯಾಚ್ 110, ಜರ್ಕ್ 130, ಟೋಟಲ್ 240. ಮೊದಲೆರಡು ಸ್ಥಾನದವರು, ಚೀನಾದ ಲಿನ್ ವೈನಿಂಗ್ ಮತ್ತು ಹಂಗೆರಿಯ ಎರ್ಜೆಬೆತ್ ಮಾರ್ಕುಸ್, ಇಬ್ಬರೂ 242.5. ಆಗಿನ ನಿಯಮದಂತೆ ದೇಹತೂಕ ಕಡಿಮೆ ಇದ್ದ ಲಿನ್‌ಗೆ ಚಿನ್ನ. ಮಲ್ಲೇಶ್ವರಿಗೆ ಒಂದು ಪ್ರಯತ್ನ ಬಾಕಿ ಇತ್ತು. 135 ಎತ್ತಿದ್ದರೆ 245, ಚಿನ್ನ. ಬಾರ್‌ಗೆ ಹಾಕಿಸಿದ್ದು 137.5, ಅದು ಆಗಲಿಲ್ಲ. ಯಾಕೆ ಅಷ್ಟು ಕೇಳಿದರು ಎಂಬ ಚರ್ಚೆ ಇಪ್ಪತ್ತೈದು ವರ್ಷವಾದರೂ ನಿಂತಿಲ್ಲ. ಈ ಆಟದಲ್ಲಿ ಕೋಚಿನ ಕೈಯ ಕಾಗದ ಪೆನ್ಸಿಲೂ ಭಾರ ಎತ್ತುತ್ತದೆ ಅಕ್ಕ.

ಮೀರಾಬಾಯಿ ಚಾನು ಅಂತೂ 2016ರ ರಿಯೋದಲ್ಲಿ ಮೂರು ಜರ್ಕ್ ಪ್ರಯತ್ನದಲ್ಲಿ ಒಂದನ್ನೂ ಮುಗಿಸಲಾಗದೆ ಟೋಟಲ್ಲೇ ಇಲ್ಲದೆ ಬಂದವರು. ಐದು ವರ್ಷದ ಮೇಲೆ ಟೋಕಿಯೋದಲ್ಲಿ 202 ಕಿಲೋ, ಬೆಳ್ಳಿ. ನಮ್ಮ ಗುರುರಾಜ್ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ 138ರ ಜರ್ಕ್ ಎರಡು ಸಲ ಬಿಟ್ಟು ಮೂರನೇ ಸಲ ಹಿಡಿದರು. ಟೋಟಲ್ 249, ಬೆಳ್ಳಿ, ಆ ಕೂಟದಲ್ಲಿ ಭಾರತದ ಮೊದಲ ಪದಕ. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಎತ್ತಿ ಕಂಚು. ಉಜಿರೆ ಕಾಲೇಜಿಗೆ ಕುಸ್ತಿಯ ಆಸೆ ಇಟ್ಟುಕೊಂಡು ಹೋದ ಲಾರಿ ಚಾಲಕರ ಮಗ ಅವರು.

ಇನ್ನು ಅತ್ತೆಯವರ ಹೆದರಿಕೆ. ಈ ಆಟದಲ್ಲಿ ಗಿಡ್ಡ ಇದ್ದವರು ಹೆಚ್ಚು ಕಾಣುವುದು ಹೌದು. ಕೈಕಾಲು ಗಿಡ್ಡ ಇದ್ದರೆ ಬಾರ್ ಹೋಗಬೇಕಾದ ದೂರವೂ ಕಡಿಮೆ, ಅದಕ್ಕೇ ಅಂಥವರು ಇಲ್ಲಿ ನಿಲ್ತಾರೆ. ಟರ್ಕಿಯ ನಯೀಮ್ ಸುಲೇಮಾನೊಗ್ಲು ಐದಡಿಯೂ ಇರಲಿಲ್ಲ. 60 ಕಿಲೋ ವಿಭಾಗದಲ್ಲಿ 1988ರ ಸೋಲ್‌ನಲ್ಲಿ 190 ಕಿಲೋ ಜರ್ಕ್ ಮಾಡಿದ, ತನ್ನ ತೂಕದ ಮೂರು ಪಟ್ಟಿಗೂ ಹೆಚ್ಚು. ಬಾಸ್ಕೆಟ್‌ಬಾಲ್ ಆಡಿ ಯಾರೂ ಉದ್ದ ಆಗುವುದಿಲ್ಲ ಅಲ್ವಾ, ಇದೂ ಹಾಗೆಯೇ. ಪೆಟ್ಟಾಗುವುದು ತಪ್ಪು ಕಲಿತರೆ, ಇಲ್ಲವೇ ಅವಸರ ಮಾಡಿದರೆ.

ಪ್ರಶ್ನೆ (ಅದೇ ಉಡುಪಿಯವರು): ಡೋಪಿಂಗ್ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಕೇಳ್ತೇನೆ.

ಕೋಚ್: ಕೇಳಿ, ಮುಚ್ಚಿಡುವುದೇನಿಲ್ಲ. 1988ರಲ್ಲಿ ಬಲ್ಗೇರಿಯಾದ ಇಬ್ಬರು ಚಿನ್ನ ಗೆದ್ದವರು ಸಿಕ್ಕಿಬಿದ್ದು ಇಡೀ ತಂಡವೇ ಕೂಟದ ಮಧ್ಯೆ ಮನೆಗೆ ಹೋಯಿತು. ಅದಕ್ಕಿಂತ ಕೆಟ್ಟದ್ದು 2012ರ ಲಂಡನ್ನಿನ 94 ಕಿಲೋ ವಿಭಾಗ. ವರ್ಷಗಳ ನಂತರ ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಮೂರೂ ಪದಕದವರು ಹೋದರು, ನಾಲ್ಕನೆಯವನೂ ಹೋದ. ಐದನೇ ಸ್ಥಾನದ ಇರಾನಿನವನಿಗೆ ಚಿನ್ನ, ಎಂಟನೆಯವನಿಗೆ ಬೆಳ್ಳಿ, ಒಂಬತ್ತನೆಯವನಿಗೆ ಕಂಚು. ಆ ಒಂಬತ್ತನೆಯವನೂ 2016ರ ರಿಯೋದಲ್ಲಿ ಸಿಕ್ಕಿಬಿದ್ದ! ಮೂರು ಬಿಳಿ ಲೈಟು ಹತ್ತಿದರೂ ಎತ್ತಿದ್ದು ಹೌದೋ ಅಲ್ಲವೋ ಎಂದು ವರ್ಷಗಟ್ಟಲೆ ಕಾಯಬೇಕಾದ ಕಾಲ ಬಂತು. 2028ರ ಲಾಸ್ ಏಂಜಲೀಸ್‌ನಲ್ಲಿ ಈ ಆಟ ಇರುವುದೇ ಬಹಳ ದಿನ ಅನುಮಾನವಿತ್ತು, 2023ರಲ್ಲಿ ಖಚಿತವಾಯಿತು.

ಪ್ರಶ್ನೆ (ಕುಂದಾಪುರದ ತಾಯಿ): ಹಾಗಾದರೆ ಅವಳನ್ನು ಕಳಿಸಬಹುದಾ ಸರ್? ಮೊದಲ ದಿನವೇ ಎಷ್ಟು ಕಿಲೋ ಎತ್ತಿಸ್ತೀರಿ?

ಕೋಚ್: ಸೊನ್ನೆ. ಮೊದಲ ಎರಡು ತಿಂಗಳು ಕೈಗೆ ಪಿವಿಸಿ ಪೈಪು. ಹೆಬ್ಬೆರಳನ್ನು ಸರಳಿಗೆ ಒತ್ತಿ, ಉಳಿದ ಬೆರಳುಗಳನ್ನು ಅದರ ಮೇಲೆ ಮುಚ್ಚಿ ಹಿಡಿಯುವುದನ್ನು ಮೊದಲು ಕಲಿಸ್ತೇನೆ. ಹುಕ್ ಗ್ರಿಪ್ ಅಂತಾರೆ. ಮೊದಲ ವಾರ ಹೆಬ್ಬೆರಳು ಉರಿಯುತ್ತದೆ, ಊಟ ಕಲಸುವಾಗ ಅಳು ಬರ್ತದೆ, ಹೇಳಿಟ್ಟಿರಿ. ಮನೆಯಲ್ಲಿ ಪೊರಕೆ ಕಡ್ಡಿಯ ಹಿಡಿಯಲ್ಲಿ ಈಗಲೇ ಶುರುಮಾಡಲಿ.

ಪ್ರತಿಕ್ರಿಯೆ (ನಿವೃತ್ತ ಉಪನ್ಯಾಸಕರು): ಒಂದು ಸಂಜೆ ನಾನೂ ಬಂದು ನೋಡಬಹುದಾ? ಎತ್ತಲಿಕ್ಕಲ್ಲ ಮಾರಾಯ್ರೆ, ಹೆದರಬೇಡಿ.

ಕೋಚ್: ಬುಧವಾರ ಐದೂವರೆಗೆ ಬನ್ನಿ ಮಾಷ್ಟ್ರೇ. ಬದಿಯ ರೆಫರಿ ಕುರ್ಚಿ ಖಾಲಿ ಉಂಟು, ಅಲ್ಲಿ ಕೂರಿಸ್ತೇನೆ. ಕೆಂಪು ಬಟನ್ ಬಲಗಡೆಯದ್ದು.