ಚರ್ಚೆ: ಪಾಪದಿಂದ ರಕ್ಷಣೆ ನಂಬಿಕೆಯಿಂದಲೋ, ನಂಬಿಕೆ ಮತ್ತು ಕ್ರಿಯೆಗಳಿಂದಲೋ?

ಯಾದಗಿರಿ ಶಿಕ್ಷಕಿ:
ಹೋದ ವಾರ ನನ್ನ ಸೋದರತ್ತೆಯವರ ಮಣ್ಣಿಗೆ ಹೋಗಿದ್ದೆ. ಅವರು 35 ವರ್ಷ ಹಳ್ಳಿಗಳಲ್ಲಿ ನರ್ಸ್ ಆಗಿ ದುಡಿದವರು. ಹೆರಿಗೆಗೆ ಕರೆ ಬಂದರೆ ಅಪರಾತ್ರಿಯೆಂದಾಗಲಿ ಮಳೆಯೆಂದಾಗಲಿ ಹಿಂದೆ ಸರಿದವರಲ್ಲ, ಕರೆದವರ ಜಾತಿ ಕೇಳಿದವರೂ ಅಲ್ಲ. ಸಮಾಧಿಯ ಬಳಿ ಪ್ರಸಂಗ ಮಾಡಿದವರು, ಈ ತಾಯಿ ಮಾಡಿದ ಸೇವೆ ಅವರನ್ನು ಪರಲೋಕಕ್ಕೆ ಒಂದು ಗೇಣೂ ಹತ್ತಿರ ಒಯ್ಯಲಿಲ್ಲ, ನಂಬಿಕೆ ಮಾತ್ರ ಒಯ್ದಿತು ಎಂದರು. ಸಿದ್ಧಾಂತ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಮನುಷ್ಯನು ಧರ್ಮಶಾಸ್ತ್ರದ ನೇಮನಿಷ್ಠೆಗಳಿಲ್ಲದೆ ನಂಬಿಕೆಯಿಂದ ನೀತಿವಂತನಾಗುತ್ತಾನೆ ಎಂದು ಬೈಬಲಿನ ಪತ್ರಿಕೆಯಲ್ಲಿ ಪೌಲನು ರೋಮಾಪುರದವರಿಗೆ ಬರೆದರೆ (3:28), ಕ್ರಿಯೆಗಳಿಂದಲೇ ಹೊರತು ಬರೀ ನಂಬಿಕೆಯಿಂದಲ್ಲ ಎಂದು ಯಾಕೋಬನು ಬರೆಯುತ್ತಾನೆ (2:24). ಈ ಎರಡನ್ನೂ ಒಟ್ಟಿಗೆ ಹೇಗೆ ಓದಬೇಕು? ಅತ್ತೆಯವರ ದುಡಿಮೆಗೆ ಇದರಲ್ಲಿ ಯಾವ ಸ್ಥಾನವಿದೆ?

ಹುಮನಾಬಾದ ಸುವಾರ್ತಿಕ:
ಸಹೋದರಿ, "ಒಟ್ಟಿಗೆ" ಓದಬೇಕೆಂದು ಹೊರಟಾಗಲೇ ಗೊಂದಲ ಶುರುವಾಗುತ್ತದೆ. ಸ್ಪಷ್ಟವಾದ ವಚನದ ಬೆಳಕಿನಲ್ಲಿ ಕಷ್ಟವಾದ ವಚನವನ್ನು ಓದಬೇಕು. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನನ್ನು ನೋಡಿರಿ (ಲೂಕ 23:43). ಅವನು ದೀಕ್ಷಾಸ್ನಾನ ಪಡೆಯಲಿಲ್ಲ, ದಾನ ಮಾಡಲಿಲ್ಲ, ಕದ್ದದ್ದನ್ನು ಹಿಂದಿರುಗಿಸಲೂ ಇಲ್ಲ, ಏಕೆಂದರೆ ಅವನ ಕೈಗಳೇ ಮರಕ್ಕೆ ಬಿಗಿದಿದ್ದವು. ಆದರೂ "ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ" ಎಂಬ ಯೇಸುವಿನ ಮಾತು ಅವನಿಗೆ ಸಿಕ್ಕಿತು. ನಿಮ್ಮ ಊರಿನ ಪ್ರಸಂಗಿ ಹೇಳಿದ್ದು ಸರಿಯಾಗಿಯೇ ಇದೆ: ನಂಬಿಕೆ ಮಾತ್ರ.

ಕಲಬುರಗಿಯ ವಿಶ್ವಾಸಿ:
ಆ "ಮಾತ್ರ" ಎಂಬುದು ಸಂತ ಪೌಲರ ಮಾತಲ್ಲ. ರೋಮನ್ನರಿಗೆ ಬರೆದ ಪತ್ರದ ಗ್ರೀಕ್ ಮೂಲದಲ್ಲಿ, 3:28ರಲ್ಲಿ, ಆ ಪದವೇ ಇಲ್ಲ. ಅದನ್ನು ಸೇರಿಸಿದವರು ಪ್ರೊಟೆಸ್ಟಂಟ್ ಸುಧಾರಣೆಯನ್ನು ಆರಂಭಿಸಿದ ಮಾರ್ಟಿನ್ ಲೂಥರ್, 1522ರ ತಮ್ಮ ಜರ್ಮನ್ ಅನುವಾದದಲ್ಲಿ. ಇಡೀ ಬೈಬಲಿನಲ್ಲಿ "ವಿಶ್ವಾಸ ಮಾತ್ರ" ಎಂಬ ಜೋಡಿ ಪದಗಳು ಬರುವುದು ಒಂದೇ ಒಂದು ಕಡೆ, ಅದು ಯಾಕೋಬರ ಪತ್ರದಲ್ಲಿ. ಅಲ್ಲಿಯೂ ಅದರ ಮುಂದೆ "ಅಲ್ಲ" ಎಂದಿದೆ. ದೇವರ ವಾಕ್ಯಕ್ಕೆ ಒಂದು ಪದವನ್ನು ಸೇರಿಸಿ, ಅದರ ಮೇಲೆ ಒಂದು ಸಭೆಯನ್ನೇ ಕಟ್ಟಿದ್ದನ್ನು ಸ್ಪಷ್ಟತೆ ಎಂದು ನಾನು ಕರೆಯಲಾರೆ.

ಮಂಗಲಪೇಟೆಯವ, ಬೀದರ:
"ಸೇರಿಸಿದರು" ಎಂಬ ಆರೋಪ ಹೊಸದಲ್ಲ. ಲೂಥರ್ 1530ರಲ್ಲಿಯೇ ಅನುವಾದದ ಕುರಿತು ಬರೆದ ಬಹಿರಂಗ ಪತ್ರದಲ್ಲಿ ಅದಕ್ಕೆ ಉತ್ತರ ಕೊಟ್ಟಿದ್ದಾರೆ. ಗ್ರೀಕಿನಲ್ಲಾಗಲಿ ಲ್ಯಾಟಿನ್ನಿನಲ್ಲಾಗಲಿ ಆ ಪದವಿಲ್ಲವೆಂದು ತಮಗೂ ಗೊತ್ತು ಎಂದು ಅಲ್ಲಿ ಒಪ್ಪಿಕೊಳ್ಳುತ್ತಾರೆ. ಎರಡು ಸಂಗತಿಗಳಲ್ಲಿ ಒಂದನ್ನು ಹೌದೆಂದು, ಇನ್ನೊಂದನ್ನು ಅಲ್ಲವೆಂದು ಹೇಳುವಾಗ ಜರ್ಮನ್ ಭಾಷೆ "ಮಾತ್ರ" ಎಂಬುದನ್ನು ತಾನಾಗಿಯೇ ಬೇಡುತ್ತದೆ ಎನ್ನುವುದು ಅವರ ವಾದ. ರೈತನು ಧಾನ್ಯ ಮಾತ್ರ ತಂದ, ಹಣ ತರಲಿಲ್ಲ ಎಂಬುದು ಅವರೇ ಕೊಟ್ಟ ಉದಾಹರಣೆ. ಇನ್ನು, ಅವರು ಮೊದಲಿಗರೂ ಅಲ್ಲ. 3ನೇ ಶತಮಾನದ ಕ್ರೈಸ್ತ ಪಂಡಿತ ಒರಿಗೆನನು ಇದೇ ವಚನಕ್ಕೆ ವ್ಯಾಖ್ಯಾನ ಬರೆಯುತ್ತಾ, ನಂಬಿಕೆ ಮಾತ್ರದಿಂದ ನೀತಿವಂತನಾದವನಿಗೆ ಉದಾಹರಣೆಯಾಗಿ ಸುವಾರ್ತಿಕರು ಹೇಳಿದ ಅದೇ ಕಳ್ಳನನ್ನು ತೋರಿಸುತ್ತಾನೆ.

ಕಲಬುರಗಿಯ ವಿಶ್ವಾಸಿ:
ಒರಿಗೆನರನ್ನು ಅರ್ಧಕ್ಕೆ ನಿಲ್ಲಿಸಬೇಡಿರಿ. ಅದೇ ವ್ಯಾಖ್ಯಾನದ ಮುಂದಿನ ಸಾಲುಗಳಲ್ಲಿ, ಇದನ್ನು ಕೇಳಿ ಯಾರೂ ಸತ್ಕಾರ್ಯಗಳಲ್ಲಿ ಸಡಿಲರಾಗಬಾರದು, ನೀತಿವಂತನಾದ ಮೇಲೂ ಅನ್ಯಾಯ ಮಾಡುವವನು ಆ ವರಪ್ರಸಾದವನ್ನೇ, ಅಂದರೆ ದೇವರ ಕೃಪೆಯನ್ನೇ, ತಿರಸ್ಕರಿಸಿದಂತೆ ಎಂದು ಎಚ್ಚರಿಸುತ್ತಾರೆ. ಲೂಥರರಿಗೆ ಯಾಕೋಬರ ಪತ್ರ ಎಷ್ಟು ಅಡ್ಡಿಯಾಯಿತೆಂದರೆ, 1522ರ ಮುನ್ನುಡಿಯಲ್ಲಿ ಅದನ್ನು ಸತ್ವವಿಲ್ಲದ ಹುಲ್ಲಿನ ಪತ್ರ ಎಂದು ಕರೆದರು. ಜರ್ಮನ್ ಭಾಷೆ ಏನನ್ನು ಬೇಡುತ್ತದೋ ನನಗೆ ತಿಳಿಯದು. ನಾವು ಓದುವುದು ಕನ್ನಡದಲ್ಲಿ.

ಹುಮನಾಬಾದ ಸುವಾರ್ತಿಕ:
ಕನ್ನಡದಲ್ಲಿ ಓದುತ್ತೀರೆಂದರೆ ಕನ್ನಡವನ್ನೇ ನೋಡೋಣ. ನಮ್ಮ ಸಭೆಗಳಲ್ಲಿ ಈ ವಚನವನ್ನು "ನಂಬಿಕೆಯಿಂದಲೇ" ಎಂದು ಹೇಳುತ್ತೇವೆ. ಕೊನೆಯಲ್ಲಿರುವ ಆ ಏಕಾರ ಎಲ್ಲಿಂದ ಬಂತು? ಶಾಲೆಯಲ್ಲಿ ಕಲಿತ ಅವಧಾರಣಾರ್ಥಕ ಅವ್ಯಯ ಅದು. ಹಲವುಗಳಲ್ಲಿ ಒಂದನ್ನೇ ನಿಶ್ಚಯಿಸಿ ಹೇಳುವುದಕ್ಕಾಗಿಯೇ ಅದು ಇರುವುದು. ಲೂಥರ್ ಒಂದು ಪದದಿಂದ ಹೇಳಿದ್ದನ್ನು ಕನ್ನಡ ಒಂದು ಅಕ್ಷರದಿಂದ ಹೇಳುತ್ತದೆ. ಇಲ್ಲಿಗೆ ಈ ವಾದ ಮುಗಿಯಿತು.

ಆಳಂದದ ಕನ್ನಡ ಮೇಷ್ಟ್ರು:
ಮುಗಿಯಲಿಲ್ಲ, ಸರ್. ನಾನು ಕ್ರೈಸ್ತನಲ್ಲ; ವ್ಯಾಕರಣದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಏಕಾರವು ಒತ್ತು ಕೊಡುತ್ತದೆ ಎಂಬುದು ನಿಜ, ಆದರೆ ಒತ್ತು ಕೊಡುವುದೂ ಉಳಿದುದನ್ನು ಹೊರಗಿಡುವುದೂ ಯಾವಾಗಲೂ ಒಂದೇ ಅಲ್ಲ. "ಈ ಸಲ ಮಳೆಯಿಂದಲೇ ತೊಗರಿ ಕೈಗೆ ಬಂತು" ಎಂದು ನಮ್ಮ ಭಾಗದ ರೈತ ಹೇಳಿದರೆ, ಅವನು ಬಿತ್ತಲಿಲ್ಲ, ಎಡೆಕುಂಟೆ ಹೊಡೆಯಲಿಲ್ಲ, ಕಾಯಿಕೊರಕಕ್ಕೆ ಔಷಧಿ ಸಿಂಪಡಿಸಲಿಲ್ಲ ಎಂದು ಕೇಳಿದವರು ಯಾರೂ ತಿಳಿಯುವುದಿಲ್ಲ. ಮಳೆ ಬಾರದಿದ್ದರೆ ಉಳಿದದ್ದೆಲ್ಲ ವ್ಯರ್ಥವಾಗುತ್ತಿತ್ತು ಎಂಬುದು ಆ ಮಾತಿನ ಅರ್ಥ. ನಿಮ್ಮ ವಚನದಲ್ಲಿ ಯಾವ ಅರ್ಥವಿದೆಯೋ ನಾನು ಹೇಳಲಾರೆ, ಆದರೆ ಆ ಒಂದು ಅಕ್ಷರದ ಮೇಲೆ ಇಷ್ಟು ಭಾರ ಹೊರಿಸಬಾರದು.

ಕಲಬುರಗಿಯ ವಿಶ್ವಾಸಿ:
ಮೇಷ್ಟ್ರು ಕಥೋಲಿಕ ಬೋಧನೆಯನ್ನೇ ಹೇಳಿಬಿಟ್ಟರು. ಮಳೆ ದೇವರ ವರಪ್ರಸಾದ, ಬಿತ್ತನೆ ಮನುಷ್ಯನ ಸಹಕಾರ.

ಹುಮನಾಬಾದ ಸುವಾರ್ತಿಕ:
ಮೇಷ್ಟ್ರು ಯಾವ ಬೋಧನೆಯನ್ನೂ ಹೇಳಲಿಲ್ಲ; ವಾಕ್ಯದ ಅರ್ಧವನ್ನು ಮಾತ್ರ ಉದಾಹರಣೆಯಾಗಿ ಕೊಟ್ಟರು. ಪೌಲನು "ನಂಬಿಕೆಯಿಂದಲೇ" ಎಂಬಲ್ಲಿಗೆ ನಿಲ್ಲಿಸಲಿಲ್ಲ, "ನೇಮನಿಷ್ಠೆಗಳಿಲ್ಲದೆ" ಎಂದೂ ಬರೆದನು. "ಬಿತ್ತನೆಯಿಲ್ಲದೆ, ಎಡೆ ಹೊಡೆಯದೆ, ಮಳೆಯಿಂದಲೇ ತೊಗರಿ ಬಂತು" ಎಂದು ರೈತ ಹೇಳಿದರೆ ಮೇಷ್ಟ್ರು ಆ ಏಕಾರಕ್ಕೆ ಯಾವ ಅರ್ಥ ಕೊಡುತ್ತಾರೆ? ಒಂದು ಆತ್ಮದ ನಿತ್ಯಜೀವದ ಪ್ರಶ್ನೆಯನ್ನು ಹೊಲದ ಮಾತಿಗೆ ಇಳಿಸಿ, ಅದರಲ್ಲಿಯೂ ಅರ್ಧವನ್ನು ಮುಚ್ಚಿಡುವುದು ನನಗೆ ನೋವಿನ ಸಂಗತಿ. ಪರಿಶುದ್ಧ ಗ್ರಂಥವನ್ನು ಹೀಗೆ ಬಳಸಬೇಡಿರಿ.

ಆಳಂದದ ಕನ್ನಡ ಮೇಷ್ಟ್ರು:
ಹಾಗೆ ಹೇಳಿದರೆ ಅರ್ಥ ನಿಮ್ಮ ಕಡೆಗೇ ಬರುತ್ತದೆ. ಆದರೆ ಆ ಅರ್ಥವನ್ನು ತರುವುದು "ಇಲ್ಲದೆ" ಎಂಬ ಪದ, ಏಕಾರವಲ್ಲ. ನಾನು ಹೇಳಿದ್ದೂ ಅಷ್ಟೇ. ಹೊಲದ ಮಾತು ಕೀಳು ಎಂದು ನೀವು ಬರೆದದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಮ್ಮ ಯೇಸುಸ್ವಾಮಿಯೂ ಬಿತ್ತುವವನ ಸಾಮ್ಯವನ್ನು ಹೇಳಿದ್ದಾರೆ.

ಕಲಬುರಗಿಯ ವಿಶ್ವಾಸಿ:
ಯಾವುದು "ಇಲ್ಲದೆ" ಎಂಬುದೇ ಮುಖ್ಯ. ಪೌಲರು ಹೇಳುವುದು ಮೋಶೆಯ ಧರ್ಮಶಾಸ್ತ್ರದ ನೇಮಗಳ ಮಾತನ್ನು. ಮರುಸಾಲಿನಲ್ಲಿಯೇ, ದೇವರು ಯೆಹೂದ್ಯರಿಗೆ ಮಾತ್ರ ದೇವರೋ ಎಂದು ಕೇಳಿ, ಸುನ್ನತಿಯ ಪ್ರಸ್ತಾಪವನ್ನೇ ಎತ್ತುತ್ತಾರೆ. ಹಸಿದವನಿಗೆ ಅನ್ನ ಕೊಡುವುದು ಸುನ್ನತಿಯಂಥ ನೇಮವಲ್ಲ. ಮತ್ತಾಯ 25ರಲ್ಲಿ, ಕಡೆಯ ತೀರ್ಪಿನ ದಿನ ನೀತಿವಂತರನ್ನು ಕುರಿಗಳಂತೆಯೂ ಉಳಿದವರನ್ನು ಆಡುಗಳಂತೆಯೂ ಬೇರ್ಪಡಿಸುವಾಗ ಕೇಳುವುದು ಅನ್ನದ, ನೀರಿನ, ಬಟ್ಟೆಯ, ರೋಗಿಯ, ಸೆರೆಯವನ ಲೆಕ್ಕವನ್ನು. ಶಿಕ್ಷಕಿಯವರ ಅತ್ತೆ ಆ ಲೆಕ್ಕದಲ್ಲಿದ್ದಾರೆ.

ಮಂಗಲಪೇಟೆಯವ, ಬೀದರ:
"ಲೆಕ್ಕ" ಎಂಬ ಈ ಪದವೇ ನನಗೆ ಭಯ ಹುಟ್ಟಿಸುತ್ತದೆ. ಎಷ್ಟು ಹೆರಿಗೆ ಮಾಡಿಸಿದರೆ ಸಾಕಾಗುತ್ತದೆ? ನೂರೋ, ಸಾವಿರವೋ? ಮತ್ತಾಯ 25ರ ಕುರಿಗಳಿಗೆ ತಾವು ಮಾಡಿದ್ದರ ನೆನಪೇ ಇಲ್ಲ, "ನಾವು ಯಾವಾಗ ಮಾಡಿದೆವು" ಎಂದು ಕೇಳುತ್ತಾರೆ. ಲೆಕ್ಕ ಇಟ್ಟವರು ಹಾಗೆ ಕೇಳುವುದಿಲ್ಲ. ಅಲ್ಲದೆ ರೋಮಾಪುರ 4ರಲ್ಲಿ ಪೌಲನು ಸುನ್ನತಿಯನ್ನು ಎತ್ತುವ ಮೊದಲೇ ಕೂಲಿಯ ಮಾತನ್ನು ಎತ್ತುತ್ತಾನೆ: ದುಡಿದವನಿಗೆ ಕೊಡುವ ಕೂಲಿ ಸಲ್ಲಬೇಕಾದದ್ದು, ಅದು ಕೃಪೆಯಲ್ಲ. ಅಲ್ಲಿ ಅವನ ಕಣ್ಣು ಎಲ್ಲ ದುಡಿಮೆಯ ಮೇಲಿದೆ, ಮೋಶೆಯ ನೇಮಗಳ ಮೇಲೆ ಮಾತ್ರವಲ್ಲ. ನಿಮ್ಮ ಸಭೆಯೇ ಈಗ ಇದನ್ನು ಒಪ್ಪಿದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ನೀತಿನಿರ್ಣಯದ (ದೇವರು ಮನುಷ್ಯನನ್ನು ನೀತಿವಂತನೆಂದು ಎಣಿಸುವುದರ) ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದವು; 2006ರಲ್ಲಿ ಮೆಥೋಡಿಸ್ಟರ ವಿಶ್ವ ಮಂಡಳಿಯೂ ಸೇರಿಕೊಂಡಿತು. ಆ ಘೋಷಣೆಯ ಅನುಬಂಧದಲ್ಲಿ ನೀತಿನಿರ್ಣಯವು ಕೃಪೆಯಿಂದ ಮಾತ್ರ, ನಂಬಿಕೆಯಿಂದ ಮಾತ್ರ ಎಂದೇ ಇದೆ. ನೀವು ಲೂಥರ್ ಸೇರಿಸಿದರು ಎಂದು ದೂರುವ ಪದ ಅದೇ.

ಕಲಬುರಗಿಯ ವಿಶ್ವಾಸಿ:
ಅನುಬಂಧದಿಂದ ಒಂದು ಪದವನ್ನು ಕಿತ್ತು ತೋರಿಸುವುದು ಸುಲಭ. ಮುಖ್ಯ ಘೋಷಣೆಯ 15ನೇ ಪರಿಚ್ಛೇದವು, ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲದೆ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಎಂದ ಮೇಲೆ, ಪವಿತ್ರಾತ್ಮರು ಹೃದಯವನ್ನು ಹೊಸದಾಗಿಸಿ ಸತ್ಕಾರ್ಯಗಳಿಗೆ ಸಜ್ಜುಗೊಳಿಸುತ್ತಾರೆ ಎಂಬುದನ್ನೂ ಅದೇ ವಾಕ್ಯದಲ್ಲಿ ಹೇಳುತ್ತದೆ. ಲೂಥರರ ಬೋಧನೆಗೆ ಉತ್ತರವಾಗಿ ನಮ್ಮ ಕಥೋಲಿಕ ಸಭೆ ನಡೆಸಿದ ಟ್ರೆಂಟ್ ಮಹಾಸಭೆಯ 1547ರ 9ನೇ ನಿಯಮ ಖಂಡಿಸಿದ್ದು, ಬೇರೆ ಯಾವ ಸಹಕಾರವೂ ಬೇಡವೆಂಬ ಅರ್ಥದ "ವಿಶ್ವಾಸ ಮಾತ್ರ"ವನ್ನು. ನಮ್ಮವರು ಕ್ರಿಯೆಗಳಿಂದ ರಕ್ಷಣೆಯನ್ನು ಕೊಂಡುಕೊಳ್ಳುತ್ತಾರೆಂದು ಬೀದರಿನಲ್ಲಿ ಮಕ್ಕಳಿಗೂ ಹೇಳಿಕೊಡುವವರು, ಅದೇ ಮಹಾಸಭೆಯ ಮೊದಲನೆಯ ನಿಯಮವನ್ನು ಒಮ್ಮೆಯಾದರೂ ಓದಬೇಕು. ಕ್ರಿಸ್ತರ ಮೂಲಕ ಬರುವ ವರಪ್ರಸಾದವಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದು ಎನ್ನುವವನನ್ನು ಆ ನಿಯಮವೇ ಬಹಿಷ್ಕರಿಸುತ್ತದೆ.

ಮಂಗಲಪೇಟೆಯವ, ಬೀದರ:
ಬೀದರಿನ ಮಕ್ಕಳನ್ನು ಈ ಮಾತಿಗೆ ಎಳೆಯಬೇಡಿರಿ. ನಮ್ಮ ಭಾನುವಾರದ ಶಾಲೆಯಲ್ಲಿ ನಾನು 12 ವರ್ಷ ಕಲಿಸಿದ್ದೇನೆ. ಯಾವ ಸಭೆಯನ್ನೂ ಅಲ್ಲಿ ಹೀಗಳೆದಿಲ್ಲ.

ಹುಮನಾಬಾದ ಸುವಾರ್ತಿಕ:
ಸಹಿ, ಅನುಬಂಧ, ಪರಿಚ್ಛೇದ ಇವುಗಳಿಂದ ಸತ್ಯ ನಿರ್ಣಯವಾಗುವುದಿಲ್ಲ. ಯಾರು ಎಲ್ಲಿ ಸಹಿ ಹಾಕಿದರೂ ರೋಮಾಪುರ 3:28 ಬದಲಾಗುವುದಿಲ್ಲ.

ಆಳಂದದ ಕನ್ನಡ ಮೇಷ್ಟ್ರು:
ಅದರ ಏಕಾರದ ಅರ್ಥವೂ ಬದಲಾಗುವುದಿಲ್ಲ.

ಯಾದಗಿರಿ ಶಿಕ್ಷಕಿ:
ನಾನು ಕೇಳಿದ ಪ್ರಶ್ನೆಯಿಂದ ನೀವೆಲ್ಲ ಒಂದು ಅಕ್ಷರಕ್ಕೆ ಹೋಗಿದ್ದೀರಿ. ಈ ನಡುವೆ ನಾನು ಎರಡೂ ಪತ್ರಿಕೆಗಳನ್ನು ಮತ್ತೆ ಓದಿದೆ. ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ, ಇಬ್ಬರೂ ಆದಿಕಾಂಡ 15:6ನ್ನೇ ಉದ್ಧರಿಸುತ್ತಾರೆ. ಆದರೆ ಪೌಲನು ನಿಲ್ಲುವುದು ಆ 15ನೇ ಅಧ್ಯಾಯದಲ್ಲಿ, ಮಗನಿಲ್ಲದ ಮುದುಕ ನಕ್ಷತ್ರಗಳನ್ನು ನೋಡಿ ನಂಬಿದ ರಾತ್ರಿಯಲ್ಲಿ. ಯಾಕೋಬನು ನಿಲ್ಲುವುದು 22ನೇ ಅಧ್ಯಾಯದಲ್ಲಿ, ಆ ಮಗನನ್ನೇ ಬೆಟ್ಟಕ್ಕೆ ಕರೆದೊಯ್ದ ದಿನದಲ್ಲಿ. ಎರಡರ ನಡುವೆ ಹಲವು ವರ್ಷಗಳಿವೆ. ಒಬ್ಬನು ಬಾಗಿಲಲ್ಲಿ ನಿಂತು ಮಾತಾಡುತ್ತಾನೆ, ಇನ್ನೊಬ್ಬನು ಮನೆಯೊಳಗೆ ಹೋಗಿ ನೋಡಿ ಮಾತಾಡುತ್ತಾನೆ. ಯಾಕೋಬನು ಹಳಿಯುವ ನಂಬಿಕೆಯಾದರೂ ಯಾವುದು? ದೆವ್ವಗಳಿಗೂ ಇರುವ, ಬರೀ ಒಪ್ಪಿಕೊಂಡು ನಡುಗುವ ನಂಬಿಕೆ. ಅದನ್ನು ಪೌಲನೂ ನಂಬಿಕೆ ಎಂದು ಕರೆಯಲಾರನು. ಗಲಾತ್ಯದವರಿಗೆ ಬರೆಯುವಾಗ ಅವನು ಹೇಳುವುದು ಪ್ರೀತಿಯಿಂದ ಕೆಲಸ ಮಾಡುವ ನಂಬಿಕೆಯನ್ನು (5:6). ಬರುವ ಭಾನುವಾರ ಅತ್ತೆಯವರ ನೆನಪಿನ ಪ್ರಾರ್ಥನೆಯಲ್ಲಿ ವೇದಪಾಠವನ್ನು ನನಗೆ ಒಪ್ಪಿಸಿದ್ದಾರೆ. ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯವನ್ನು ಓದುತ್ತೇನೆ. ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ ಎಂಬ 8 ಮತ್ತು 9ನೇ ವಚನಗಳು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ದೇವರು ಮೊದಲೇ ಸಿದ್ಧಮಾಡಿಟ್ಟ ಸತ್ಕ್ರಿಯೆಗಳಿಗಾಗಿ ನಾವು ಸೃಷ್ಟಿಯಾದೆವು ಎಂಬ 10ನೆಯದನ್ನು ನಾನು ಸಮಾಧಿಯ ಬಳಿ ಯಾರೂ ಓದಿದ್ದನ್ನು ಕೇಳಿಲ್ಲ.

ಕಲಬುರಗಿಯ ವಿಶ್ವಾಸಿ:
"ಮನೆಯೊಳಗೆ ಹೋಗಿ" ಎಂದಿರಲ್ಲ, ನಾವು ಇಷ್ಟು ಹೊತ್ತು ಹೇಳಿದ್ದು ಅದನ್ನೇ.

ಹುಮನಾಬಾದ ಸುವಾರ್ತಿಕ:
ಬಾಗಿಲನ್ನು ದಾಟದೆ ಯಾರೂ ಮನೆಯೊಳಗೆ ಹೋಗುವುದಿಲ್ಲ. ಸಹೋದರಿ, 10ನೇ ವಚನವನ್ನು ಅವಶ್ಯವಾಗಿ ಓದಿರಿ. ಆದರೆ 8 ಮತ್ತು 9ನ್ನು ಓದಿದ ನಂತರವೇ ಓದಿರಿ.

ಯಾದಗಿರಿ ಶಿಕ್ಷಕಿ:
ಮೂರನ್ನೂ ಒಂದೇ ಉಸಿರಿಗೆ ಓದುತ್ತೇನೆ, ಸಹೋದರರೇ. ಬೆಳಿಗ್ಗೆ ಹತ್ತಕ್ಕೆ ಪ್ರಾರ್ಥನೆ. ಯಾದಗಿರಿಗೆ ಬರಲು ಆಗುವವರು ಬನ್ನಿರಿ.