ಒಂದು ಲೇಯರ್‌ನ ಎಫೆಕ್ಟ್ ಉಳಿದ ಲೇಯರ್‌ಗಳಿಗೂ ಹಾಕುವುದು ಹೇಗೆ?

ಪ್ರಶ್ನೆ (ಕಲಬುರಗಿ): ಫೋಟೋಶಾಪ್‌ನಲ್ಲಿ ಶರಣಬಸವೇಶ್ವರ ಜಾತ್ರೆಯ ಬ್ಯಾನರ್ ಮಾಡುತ್ತಿದ್ದೇನೆ. ತಲೆಬರಹಕ್ಕೆ ಹಳದಿ ಸ್ಟ್ರೋಕ್ (ಅಕ್ಷರದ ಅಂಚಿನ ಗೆರೆ), ಡ್ರಾಪ್ ಶ್ಯಾಡೋ (ನೆರಳು) ಕೊಟ್ಟೆ, ಮಸ್ತ್ ಬಂತು. ಕೆಳಗೆ ಶುಭ ಕೋರುವವರ ಹೆಸರುಗಳ ದೊಡ್ಡ ಸಾಲೇ ಇದೆ. (ನಮ್ಮ ಕಡೆ ದೇವರಿಗಿಂತ ಅವರೇ ಜಾಸ್ತಿ ಅಲ್ವಾ!) ಪ್ರತಿ ಹೆಸರಿಗೂ ಮತ್ತೆ ಸೆಟ್ ಮಾಡಬೇಕಾ?

ಉತ್ತರ (ಬೀದರ್): ಬೇಡ ಅಣ್ಣ. ತಲೆಬರಹದ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ, ಕಾಪಿ ಲೇಯರ್ ಸ್ಟೈಲ್ ಒತ್ತಿ. ಹೆಸರುಗಳನ್ನೆಲ್ಲ ಸೆಲೆಕ್ಟ್ ಮಾಡಿ ಪೇಸ್ಟ್ ಲೇಯರ್ ಸ್ಟೈಲ್ ಕೊಡಿ.

ಉತ್ತರ (ಯಾದಗಿರಿ): ಒಂದೆರಡೇ ಇದ್ದರೆ ಆಲ್ಟ್ ಒತ್ತಿ ಹಿಡಿದು ತಲೆಬರಹದ ಲೇಯರ್ ಪಕ್ಕದ ಎಫ್‌ಎಕ್ಸ್ (fx) ಗುರುತನ್ನು ಹೆಸರಿನ ಲೇಯರ್ ಮೇಲೆ ಎಳೆಯಿರಿ. ಸುಮ್ನೆ ಎಳೆದರೆ ಕಾಪಿ ಆಗುವುದಿಲ್ಲ, ಎಫೆಕ್ಟ್ ಅಲ್ಲಿಂದ ಎದ್ದು ಇಲ್ಲಿಗೇ ಬರುತ್ತದೆ.

ಕಲಬುರಗಿ: ಆಯ್ತು! ಆದರೆ ಸಣ್ಣ ಅಕ್ಷರಕ್ಕೆ ಸ್ಟ್ರೋಕ್ ದಪ್ಪವಾಗಿ, ‘ಠ’ದ ಹೊಟ್ಟೆಯೆಲ್ಲ ಹಳದಿ.

ಬೀದರ್: ಲೇಯರ್ ಮೆನುವಿನ ಲೇಯರ್ ಸ್ಟೈಲ್‌ನಲ್ಲಿ ಸ್ಕೇಲ್ ಎಫೆಕ್ಟ್ಸ್ ಇದೆ. ಒಂದು ಹೆಸರಿಗೆ 40 ಪರ್ಸೆಂಟ್ ಕೊಟ್ಟು ನೋಡಿ. ಸರಿಹೋದರೆ ಅದರ ಸ್ಟೈಲನ್ನೇ ಕಾಪಿ ಮಾಡಿ ಉಳಿದವಕ್ಕೆ ಪೇಸ್ಟ್ ಮಾಡಿ.