ಹಿನ್ನೀರಿನ ನಡುವೆ ನಿಂತುಬಿಡುವ ದೋಣಿ ಎಂಜಿನ್: ಅನುಭವವಿದ್ದವರು ಹೇಳಿ

ಬ್ಯಾಕೋಡಿನ ಕಡೆಯಿಂದ ಕೇಳುತ್ತಿದ್ದೇನೆ. ನಮ್ಮ ಅಡಿಕೆ ತೋಟದ ಒಂದು ತುಂಡು ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ. ಸಿಗಂದೂರು ಸೇತುವೆ ಆದ ಮೇಲೂ ಅಲ್ಲಿಗೆ ರಸ್ತೆಯಲ್ಲಿ ಹೋದರೆ ದೊಡ್ಡ ಸುತ್ತು, ದೋಣಿಯೇ ಹತ್ತಿರ. ಕರಾವಳಿಯಿಂದ ತಂದ 8 ಅಶ್ವಶಕ್ತಿಯ ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಕಟ್ಟುವ) ಎಂಜಿನ್ ಇದೆ. ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಉಸಿರು ಕಟ್ಟಿದಂತೆ ಕುಗ್ಗಿ ನಿಲ್ಲುತ್ತದೆ. ಐದು ನಿಮಿಷ ಬಿಟ್ಟು ಹಗ್ಗ ಎಳೆದರೆ ಮತ್ತೆ ಹೊರಡುತ್ತದೆ. ಪ್ಲಗ್ ಎರಡು ಬಾರಿ ಬದಲಿಸಿದೆ. ಅಮ್ಮನನ್ನು ಕೂರಿಸಿಕೊಂಡು ಹೋಗಲು ಧೈರ್ಯ ಬರುತ್ತಿಲ್ಲ.

ಹೊಸನಗರದಿಂದ:

ಇನ್ನು ಪ್ಲಗ್ ಬದಲಿಸಬೇಡಿ. ಕಿಡಿಯ ದೋಷವಾಗಿದ್ದರೆ ಸಾಮಾನ್ಯವಾಗಿ ಎಂಜಿನ್ ದೀಪ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ. ಕುಗ್ಗಿ ಕುಗ್ಗಿ ನಿಲ್ಲುತ್ತದೆ ಎಂದು ನೀವೇ ಬರೆದಿದ್ದೀರಿ, ಅಂದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ. ಮೊದಲು ನೋಡಬೇಕಾದದ್ದು ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿಯ ತಿರುಪು. ಅದು ಮುಚ್ಚಿದ್ದರೆ ಪೆಟ್ರೋಲ್ ಹೋದಷ್ಟೂ ಒಳಗೆ ನಿರ್ವಾತ ಉಂಟಾಗಿ, ಕೊನೆಗೆ ಪಂಪಿಗೆ ಎಳೆಯಲು ಆಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ಹೇಗೋ ನುಸುಳಿಕೊಂಡು ಒಳಗೆ ಹೋಗಿ ಎಂಜಿನ್ ಮತ್ತೆ ಹೊರಡುತ್ತದೆ. ಜೀಪಿನಲ್ಲಿ ಟ್ಯಾಂಕ್ ಸಾಗಿಸುವಾಗ ಪೆಟ್ರೋಲ್ ಚೆಲ್ಲದಿರಲಿ ಎಂದು ಆ ತಿರುಪನ್ನು ಬಿಗಿ ಮಾಡಿ, ದೋಣಿಗಿಟ್ಟ ಮೇಲೆ ಸಡಿಲಿಸಲು ಮರೆತು ನಾನು ಒಂದು ಇಡೀ ಸಂಜೆ ನೀರಿನಲ್ಲಿ ಕಳೆದಿದ್ದೇನೆ.

ತಿರುಪು ತೆರೆದಿದ್ದೂ ಹೀಗಾದರೆ, ನಿಂತ ಆ ಕ್ಷಣದಲ್ಲೇ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಕೊಳವೆಯ ನಡುವಿನ ರಬ್ಬರ್ ಬಲ್ಬನ್ನು (ಹಿಸುಕಿ ಪೆಟ್ರೋಲ್ ತಳ್ಳುವ ಉಂಡೆ) ಕೈಯಲ್ಲಿ ಹಿಡಿದು ನೋಡಿ. ಐದು ನಿಮಿಷ ಕಳೆದರೆ ಅದು ಏನನ್ನೂ ಹೇಳುವುದಿಲ್ಲ. ಬಲ್ಬ್ ಚಪ್ಪಟೆಯಾಗಿ ಒಳಗೆ ಸೇದಿಕೊಂಡಿದ್ದರೆ ಅಡ್ಡಿ ಟ್ಯಾಂಕಿನ ಕಡೆ ಇದೆ. ಮೆತ್ತಗಿದ್ದು, ಎಂಜಿನ್ ಕುಗ್ಗುವಾಗ ಹಿಸುಕಿದರೆ ಚೇತರಿಸಿಕೊಂಡಿತು ಎಂದಾದರೆ ಪಂಪಿನೊಳಗಿನ ತೆಳು ಪೊರೆ, ಅಂದರೆ ಡಯಾಫ್ರಮ್, ಹರಿದಿರಬೇಕು, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿರಬೇಕು. ಬಲ್ಬ್ ಗಟ್ಟಿಯಾಗಿ ತುಂಬಿಯೇ ಇದೆ, ಆದರೂ ಎಂಜಿನ್ ಸತ್ತಿತು ಎಂದರೆ ಕಾರ್ಬ್ಯುರೇಟರನ್ನು ನೋಡಿ, ಅದರ ನಂತರ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ, ಬಿಸಿಯಾದಾಗ ಕೈಕೊಡುವ ಕಾಯಿಲನ್ನು.

ತೀರ್ಥಹಳ್ಳಿಯಿಂದ:

ಪೆಟ್ರೋಲಿನಲ್ಲಿ ನೀರಿದೆಯೇ ಎಂದೂ ನೋಡಿ. ಈಗ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ನಮ್ಮ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ. ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಒಂದು ರಾತ್ರಿ ಅಲುಗಾಡಿಸದೆ ಇಡಿ. ಎರಡು ಪದರ ಕಂಡರೆ ಮೇಲಿನದನ್ನೂ ಬಳಸಬೇಡಿ.

ತುಮರಿಯಿಂದ:

ಎಥನಾಲ್ ಮಾಡುವ ಇನ್ನೊಂದು ಕೆಲಸ ಹೊರಗೆ ಕಾಣುವುದಿಲ್ಲ. ಹಳೆಯ ರಬ್ಬರ್ ಕೊಳವೆಯ ಒಳಪದರವನ್ನು ಅದು ಮೆತ್ತಗೆ ಮಾಡಿ ಎಬ್ಬಿಸುತ್ತದೆ. ನನ್ನ ಕೊಳವೆ ಹೊರಗಿನಿಂದ ಹೊಸದರಂತೆ ಇತ್ತು. ಬಾಯಲ್ಲಿ ಊದಿದರೆ ಗಾಳಿ ಸರಾಗವಾಗಿ ಹೋಗುತ್ತಿತ್ತು. ಎಂಜಿನ್ ಎಳೆಯುವಾಗ ಮಾತ್ರ ಎದ್ದ ಪದರ ಮಡಚಿಕೊಂಡು ದಾರಿ ಮುಚ್ಚುತ್ತಿತ್ತು, ನಿಂತ ಮೇಲೆ ತಾನಾಗಿ ಬಿಡುತ್ತಿತ್ತು. ಎರಡು ತಿಂಗಳು ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿ ಸೋತೆ. ಕೊನೆಗೆ ಕೊಳವೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ, ಒಳಗೆ ಬಾಳೆಯ ಸಿಪ್ಪೆಯಂತೆ ಸುಲಿದು ನೇತಾಡುತ್ತಿತ್ತು. ನಿಮ್ಮ ಕೊಳವೆಗೆ ಎಷ್ಟು ವರ್ಷವಾಗಿದೆ ಎಂದು ಗೊತ್ತಿಲ್ಲದಿದ್ದರೆ, ಎಥನಾಲ್ ತಡೆಯುವ ಹೊಸ ಕೊಳವೆಯನ್ನು ಬಲ್ಬ್ ಸಮೇತ ಹಾಕಿಸಿಬಿಡಿ. ಬಲ್ಬಿನ ಮೇಲಿನ ಬಾಣ ಎಂಜಿನ್ನಿನ ಕಡೆಗಿರಲಿ.

ಪರೀಕ್ಷೆಯನ್ನು ದಡದಲ್ಲೇ ಮಾಡಿ. ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ, ಎಂಜಿನ್ನಿನ ಕೆಳಭಾಗ ಮುಳುಗುವಂತೆ ನಿಲ್ಲಿಸಿ ಹದಿನೈದು ನಿಮಿಷ ಓಡಿಸಿ. ನೀರಿಲ್ಲದೆ ಒಂದು ನಿಮಿಷವೂ ಓಡಿಸಬೇಡಿ, ನೀರೆತ್ತುವ ರಬ್ಬರಿನ ಚಕ್ರ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಪಕ್ಕದ ರಂಧ್ರದಿಂದ ನೀರಿನ ಎಳೆ ಚಿಮ್ಮುತ್ತಿದೆಯೇ ಎಂಬುದರ ಮೇಲೆ ಕಣ್ಣಿರಲಿ. ಡ್ರಮ್ಮಿನಲ್ಲಿ ಭಾರ ಬೀಳುವುದಿಲ್ಲ, ಆದ್ದರಿಂದ ಅಲ್ಲಿ ಸರಿಯಾಗಿ ಓಡಿದ ಮೇಲೂ ದಡದ ಉದ್ದಕ್ಕೇ ಒಂದು ಸುತ್ತು ಹೋಗಿ ಬನ್ನಿ.

ಇನ್ನೊಂದು ಮಾತು, ಎಂಜಿನ್ನಿಗಿಂತ ಇದೇ ನನಗೆ ಮುಖ್ಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ಗಟ್ಟಿಯಾಗಿ ನಿಂತಿವೆ. ನೀರು ಸಮುದ್ರಮಟ್ಟದಿಂದ 1819 ಅಡಿಯ ಪೂರ್ಣಮಟ್ಟದಿಂದ ಇಳಿದಷ್ಟೂ ಅವು ಮೇಲಕ್ಕೆ ಹತ್ತಿರವಾಗುತ್ತವೆ. ಎಂಜಿನ್ ನಿಂತ ದೋಣಿಯನ್ನು ಗಾಳಿ ಅವುಗಳ ಮೇಲೆ ಅಡ್ಡಲಾಗಿ ತಳ್ಳುತ್ತದೆ. ಆದ್ದರಿಂದ ನಿಂತ ಕೂಡಲೇ ಹಗ್ಗ ಎಳೆಯುತ್ತಾ ಕೂರಬೇಡಿ. ಮೊದಲು ಹುಟ್ಟು ಕೈಗೆತ್ತಿಕೊಂಡು ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ, ಲಂಗರು ಬಿಡಿ, ಆಮೇಲೆ ಎಂಜಿನ್. ಎರಡು ಹುಟ್ಟು ಮತ್ತು ತಲೆಗೊಂದು ಲೈಫ್ ಜಾಕೆಟ್ ಇಲ್ಲದೆ ಅಮ್ಮನನ್ನು ದೋಣಿ ಹತ್ತಿಸಬೇಡಿ. ಎಂಜಿನ್ ಎಷ್ಟೇ ಸರಿಹೋಗಿರಲಿ, ಇದರಲ್ಲಿ ಬದಲಾವಣೆ ಇಲ್ಲ.

ಬ್ಯಾಕೋಡಿನವರು, ಒಂಬತ್ತು ದಿನದ ನಂತರ:

ಗಾಳಿಯ ತಿರುಪು ತೆರೆದೇ ಇತ್ತು. ನಿಂತ ಕ್ಷಣ ಬಲ್ಬ್ ಹಿಡಿದು ನೋಡಿದರೆ ಚಪ್ಪಟೆ. ಟ್ಯಾಂಕಿನೊಳಗಿನ ಹೀರುಕೊಳವೆಯ ತುದಿಯ ಜರಡಿಯಲ್ಲಿ ಬೆಲ್ಲದ ಪಾಕದಂತಹ ಅಂಟು ಕಟ್ಟಿತ್ತು. ತೊಳೆದೆ, ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ತುಂಬಿದೆ, ಕೊಳವೆಯನ್ನೂ ಬದಲಿಸಿದೆ. ನಿನ್ನೆ ದಡದ ಉದ್ದಕ್ಕೆ ನಲವತ್ತು ನಿಮಿಷ ಓಡಿಸಿದೆ, ಒಮ್ಮೆಯೂ ಕುಗ್ಗಲಿಲ್ಲ. ಆದರೆ ದಡ ಸೇರುವಾಗ ನಿಧಾನ ಮಾಡಿದರೆ ಈಗಲೂ ಆರುತ್ತದೆ.

ಹೊಸನಗರದಿಂದ:

ಅದೇ ಅಂಟು ಕಾರ್ಬ್ಯುರೇಟರಿನ ನಿಧಾನದ ಜೆಟ್ಟಿಗೂ (ಎಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲ್ ಬಿಡುವ ತೂತು) ಹೋಗಿರಬೇಕು, ಅದರ ರಂಧ್ರ ಕೂದಲಿನಷ್ಟು ಸಣ್ಣದು. ಬಿಚ್ಚಿ, ಕಾರ್ಬ್ಯುರೇಟರ್ ಕ್ಲೀನರ್ ಹಾಕಿ, ಗಾಳಿಯಿಂದ ಊದಿ. ತಂತಿ ಚುಚ್ಚಬೇಡಿ, ರಂಧ್ರ ದೊಡ್ಡದಾದರೆ ಮತ್ತೆ ಸರಿಹೋಗುವುದಿಲ್ಲ. ಹೊಸ ಪೆಟ್ರೋಲಿಗೆ ಎಣ್ಣೆ ಬೆರೆಸಿದ್ದೀರಿ ತಾನೇ? ಕೈಪಿಡಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ.